ಓದುಗರ ಪ್ರಶ್ನೆ: ಚಳಿಗೆ ಬ್ಯಾಟರಿ ಯಾಕೆ ಮುದುಡುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಏಳು ಪತ್ರ ಹೆಚ್ಚುಕಡಿಮೆ ಒಂದೇ ವಿಷಯದ ಮೇಲಿವೆ. ಊರು ಬೇರೆ, ಬ್ಯಾಟರಿ ಬೇರೆ, ಆದರೆ ದೂರು ಒಂದೇ: ಚಳಿ ಬಂತು, ಚಾರ್ಜ್ ನಿಲ್ಲುತ್ತಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಟ್ರೆಕ್ ಹೋಗಿದ್ದೆವು. ರಾತ್ರಿ ಮೂರಕ್ಕೆ ಕ್ಯಾಂಪ್ ಬಿಟ್ಟು ಸೂರ್ಯೋದಯದ ಹೊತ್ತಿಗೆ ತುದಿ ಮುಟ್ಟಿದೆವು. ಫೋಟೋ ತೆಗೆಯೋಣ ಅಂತ ಬ್ಯಾಗಿನ ಹೊರಜೇಬಿನಿಂದ ಫೋನ್ ತೆಗೆದೆ. 38 ಪರ್ಸೆಂಟ್ ಇತ್ತು. ಎರಡು ಫೋಟೋ ಆಗುವಷ್ಟರಲ್ಲಿ ಸ್ವಿಚ್ ಆಫ್! ಕೆಳಗೆ ಬಂದು ಟೆಂಟ್‌ನಲ್ಲಿ ಕೂತು ಆನ್ ಮಾಡಿದರೆ ಆಯಿತು, 31 ತೋರಿಸುತ್ತಿತ್ತು. ಊರಿಗೆ ಬಂದ ಮೇಲೆ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ಹಾಕಿಸಬೇಕಾ?
— ಓದುಗಿ, ರಾಜಾಜಿನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ದುಡ್ಡು ಹಾಕಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ, ಟೆಂಟ್‌ಗೆ ಬಂದ ಮೇಲೆ 31 ತೋರಿಸಿತು ಅಂದಿರಲ್ಲ, ಆ ಚಾರ್ಜ್ ಎಲ್ಲಿಂದಲೋ ಬಂದದ್ದಲ್ಲ, ಬೆಟ್ಟದ ಮೇಲೆ ಫೋನ್ ಆಫ್ ಆದಾಗಲೂ ಒಳಗೇ ಇತ್ತು.

ನಮ್ಮ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯನ್ನು ನೆನೆಸಿಕೊಳ್ಳಿ. ಡಿಸೆಂಬರ್ ಬೆಳಗ್ಗೆ ಬಾಟಲಿ ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳುವುದಿಲ್ಲ. 24 ಡಿಗ್ರಿಗಿಂತ ಕೆಳಗೆ ಬಂದರೆ ಅದು ಗಟ್ಟಿಯಾಗುತ್ತದೆ. ನಮ್ಮಜ್ಜಿ ಕಡ್ಡಿ ಹಾಕಿ ಕೆದಕುತ್ತಿದ್ದರು, ಆಗಲಿಲ್ಲ ಅಂದರೆ ಬಿಸಿನೀರಿನ ತಂಬಿಗೆಯಲ್ಲಿ ಬಾಟಲಿ ನಿಲ್ಲಿಸುತ್ತಿದ್ದರು, ಐದು ನಿಮಿಷಕ್ಕೆ ಸುರಿಯುತ್ತಿತ್ತು. ಎಣ್ಣೆ ಕಡಿಮೆಯಾಗಿರಲಿಲ್ಲ ಅಲ್ವಾ? ಬಾಟಲಿಯ ಬಾಯಿಯಿಂದ ಹೊರಗೆ ಬರಲು ಆಗುತ್ತಿರಲಿಲ್ಲ, ಅಷ್ಟೆ.

ಫೋನ್ ಬ್ಯಾಟರಿಯ ಕಥೆಯೂ ಹತ್ತಿರ ಹತ್ತಿರ ಇದೇ. ಒಳಗೆ ಎರಡು ತೆಳು ಹಾಳೆ, ಒಂದಕ್ಕೆ ಗ್ರಾಫೈಟ್ ಬಳಿದಿರುತ್ತಾರೆ, ಇನ್ನೊಂದಕ್ಕೆ ಲಿಥಿಯಂ ಇರುವ ಲೋಹದ ಆಕ್ಸೈಡ್. ನಡುವೆ ಒಂದು ದ್ರವ. ಫೋನ್ ಬಳಸುವಾಗ ಗ್ರಾಫೈಟ್‌ನ ಪದರಗಳ ಸಂದಿಯಲ್ಲಿ ಕೂತಿದ್ದ ಲಿಥಿಯಂ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳು, ಈ ದ್ರವದಲ್ಲಿ ಈಜಿ ಆಚೆ ದಡ ಸೇರುತ್ತವೆ, ಅದೇ ಹೊತ್ತಿಗೆ ಎಲೆಕ್ಟ್ರಾನುಗಳು ಹೊರಗಿನ ದಾರಿಯಲ್ಲಿ, ಅಂದರೆ ನಿಮ್ಮ ಫೋನಿನ ಮೂಲಕ ಹೋಗುತ್ತವೆ. ಆ ದ್ರವದಲ್ಲಿ ಎಥಿಲೀನ್ ಕಾರ್ಬೊನೇಟ್ ಅನ್ನುವ ವಸ್ತು ಇರುತ್ತದೆ. ಇದನ್ನು ಒಂಟಿಯಾಗಿ ಇಟ್ಟರೆ ಸುಮಾರು 36 ಡಿಗ್ರಿಯಲ್ಲೇ ಗಟ್ಟಿ, ನಮ್ಮ ಕೊಬ್ಬರಿ ಎಣ್ಣೆಗಿಂತ ಮೊದಲು! ಹಾಗಾಗಿ ತೆಳುವಾದ ಬೇರೆ ದ್ರವಗಳನ್ನು ಬೆರೆಸಿ ಅದು ಹರಿಯುವಂತೆ ಮಾಡಿರುತ್ತಾರೆ. ಚಳಿ ಜಾಸ್ತಿಯಾದಂತೆ ಈ ಮಿಶ್ರಣ ಮಂದವಾಗುತ್ತದೆ, ಈಜು ನಿಧಾನವಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ದಡದಲ್ಲಿ. ಅಯಾನು ಈಜುವಾಗ ತನ್ನ ಸುತ್ತ ದ್ರವದ ಕಣಗಳನ್ನು ಕಂಬಳಿಯಂತೆ ಹೊದ್ದಿರುತ್ತದೆ, ದಡ ಹತ್ತಿ ಒಳಗೆ ನುಗ್ಗಬೇಕಾದರೆ ಆ ಕಂಬಳಿ ಕಳಚಬೇಕು, ಕಳಚಲು ಶಕ್ತಿ ಬೇಕು, ಚಳಿಯಲ್ಲಿ ಆ ಶಕ್ತಿ ಕೆಲವೇ ಅಯಾನುಗಳಿಗೆ ಇರುತ್ತದೆ.

ಇದೆಲ್ಲ ಸೇರಿ ಹೊರಗಡೆ ಕಾಣುವುದು ಒಂದೇ ಆಗಿ: ಬ್ಯಾಟರಿಯ ಒಳತಡೆ, ಅಂದರೆ ರೆಸಿಸ್ಟೆನ್ಸ್, ಹಲವು ಪಟ್ಟು ಏರುತ್ತದೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಬ್ಯಾಟರಿ 3.7 ವೋಲ್ಟ್ ಅಂದುಕೊಳ್ಳಿ. ಕೆಮರಾ ತೆರೆದಾಗ ಒಂದು ಕ್ಷಣ 2 ಆಂಪಿಯರ್ ಎಳೆಯಿತು. ಬೆಚ್ಚಗಿದ್ದಾಗ ಒಳತಡೆ 0.1 ಓಮ್ ಆದರೆ ಒಳಗೇ ಕಳೆದುಹೋಗುವುದು 0.2 ವೋಲ್ಟ್, ಫೋನಿಗೆ 3.5 ಸಿಗುತ್ತದೆ, ಏನೂ ತೊಂದರೆಯಿಲ್ಲ. ಚಳಿಯಲ್ಲಿ ತಡೆ 0.4 ಓಮ್ ಆಯಿತು ಅನ್ನಿ. ಈಗ 0.8 ವೋಲ್ಟ್ ಒಳಗೇ ಹೋಯಿತು, ಫೋನಿಗೆ ಸಿಕ್ಕಿದ್ದು 2.9. ಇಷ್ಟು ಕೆಳಗೆ ಬಂದರೆ ಫೋನ್ ಬ್ಯಾಟರಿ ಖಾಲಿ ಎಂದೇ ತಿಳಿದು ಆಫ್ ಆಗುತ್ತದೆ. ನಿಮ್ಮದು ಕೆಮರಾ ತೆರೆದಾಗಲೇ ಆಫ್ ಆದದ್ದು ಅದಕ್ಕೇ. ಪರದೆಯ ಮೇಲಿನ ಪರ್ಸೆಂಟ್ ಇದೆಯಲ್ಲ, ಅದು ಅಳೆದ ಅಂಕಿ ಅಲ್ಲ, ಫೋನ್ ಅಂದಾಜು ಮಾಡಿದ ಅಂಕಿ.

ಒಂದು ಮಾತು ಸೇರಿಸಬೇಕು. ಹಳೆಯ ಬ್ಯಾಟರಿಯಲ್ಲಿ ಈ ಒಳತಡೆ ಮೊದಲೇ ಜಾಸ್ತಿ ಇರುತ್ತದೆ. ಹಾಗಾಗಿ ಅದೇ ಬೆಟ್ಟದ ಮೇಲೆ ನಿಮ್ಮ ಗೆಳತಿಯ ಹೊಸ ಫೋನ್ ನಡೆದು ನಿಮ್ಮದು ಮಲಗಿದ್ದರೆ ವಯಸ್ಸೂ ಕಾರಣ ಇರಬಹುದು. ಬೆಂಗಳೂರಿನಲ್ಲಿ ದಿನಪೂರ್ತಿ ಬರುತ್ತಿದೆ ಅಂದರೆ ಚಿಂತೆ ಬೇಡ. ಬೆಂಗಳೂರಿನಲ್ಲೂ 30-40 ಪರ್ಸೆಂಟ್ ಇರುವಾಗ ಹೀಗೆ ಥಟ್ಟನೆ ಆಫ್ ಆಗುತ್ತಿದ್ದರೆ ಆಗ ಅಂಗಡಿಯವರ ಮಾತು ಸರಿ.

ಮುಂದಿನ ಟ್ರೆಕ್‌ಗೆ ಫೋನನ್ನು ಜಾಕೆಟ್‌ನ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಡಿ. ಬ್ಯಾಗಿನ ಹೊರಜೇಬು ಬೇಡವೇ ಬೇಡ. ರಾತ್ರಿ ಮಲಗುವಾಗ ಸ್ಲೀಪಿಂಗ್ ಬ್ಯಾಗ್ ಒಳಗೆ.

ಪ್ರಶ್ನೆ: ಬೈಕ್‌ನಲ್ಲಿ ಲಡಾಖ್‌ಗೆ ಹೋಗುವವರಿದ್ದೇವೆ. ಹೆಲ್ಮೆಟ್ ಕೆಮರಾ, ಡ್ರೋನ್, ಪವರ್ ಬ್ಯಾಂಕ್ ಎಲ್ಲ ಇದೆ. ಟೆಂಟ್‌ನಲ್ಲಿ ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿ ಇಟ್ಟರೆ ಬೆಳಗ್ಗೆ ರೆಡಿ ಇರುತ್ತದಲ್ವಾ?
— ಓದುಗ, ಹುಬ್ಬಳ್ಳಿ

ಉತ್ತರ: ಇದೊಂದನ್ನು ದಯವಿಟ್ಟು ಮಾಡಬೇಡಿ. ಈ ಏಳು ಪತ್ರಗಳಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ನಿಮ್ಮದೊಂದೇ.

ಚಳಿಯಲ್ಲಿ ಬ್ಯಾಟರಿ ಬಳಸುವುದು ಬೇರೆ, ಚಳಿಯಲ್ಲಿ ಚಾರ್ಜ್ ಮಾಡುವುದು ಬೇರೆ. ಲಿಥಿಯಂ ಸೆಲ್ ತಯಾರಿಸುವವರು ಕೊಡುವ ವಿವರದ ಹಾಳೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ಸಾಮಾನ್ಯ ಸೆಲ್‌ಗಳಲ್ಲಿ ಬಳಕೆಗೆ ಮೈನಸ್ 20ರಿಂದ 60 ಡಿಗ್ರಿ, ಚಾರ್ಜ್‌ಗೆ 0ರಿಂದ 45 ಡಿಗ್ರಿ. ಆ ಸೊನ್ನೆ ಸುಮ್ನೆ ಬರೆದದ್ದಲ್ಲ.

ಚಾರ್ಜ್ ಮಾಡುವಾಗ ಲಿಥಿಯಂ ಗ್ರಾಫೈಟ್‌ನ ಪದರಗಳ ಒಳಗೆ ಹೋಗಿ ಕೂರಬೇಕು. ಚಳಿಯಲ್ಲಿ ಒಳಗೆ ಹೋಗುವ ವೇಗ ತೀರಾ ಕಡಿಮೆ. ಚಾರ್ಜರ್ ಮಾತ್ರ ತಳ್ಳುತ್ತಲೇ ಇರುತ್ತದೆ. ಜಾತ್ರೆಯಲ್ಲಿ ಗುಡಿಯ ಬಾಗಿಲು ಕಿರಿದಾಗಿ ಹಿಂದಿನಿಂದ ಜನ ನೂಕುತ್ತಿದ್ದರೆ ಏನಾಗುತ್ತದೆ, ಬಾಗಿಲ ಹೊರಗೇ ರಾಶಿ ಬೀಳುತ್ತಾರೆ. ಇಲ್ಲೂ ಹಾಗೆಯೇ, ಒಳಗೆ ಹೋಗಲಾಗದ ಲಿಥಿಯಂ ಗ್ರಾಫೈಟ್‌ನ ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಅಂದರೆ ನಿಮ್ಮ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಇಳಿಯಿತು. ಆ ಲೋಹ ಕೆಲವೊಮ್ಮೆ ಮುಳ್ಳಿನ ಹಾಗೆ ಬೆಳೆದು ನಡುವಿನ ತೆಳು ಪೊರೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಊರಿಗೆ ಬಂದ ಮೇಲೆ ಬಿಸಿಲಿನಲ್ಲಿ ಇಟ್ಟರೆ ಇದು ವಾಸಿಯಾಗುವುದಿಲ್ಲ. ಕೊಬ್ಬರಿ ಎಣ್ಣೆಯ ಹೋಲಿಕೆ ಇಲ್ಲಿಗೆ ನಡೆಯುವುದಿಲ್ಲ.

ಒಳ್ಳೆಯ ಫೋನುಗಳು, ಡ್ರೋನುಗಳು ಬ್ಯಾಟರಿ ತಣ್ಣಗಿದ್ದರೆ ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತವೆ. ಆಗ ಚಾರ್ಜರ್ ಕೆಟ್ಟಿದೆ ಅಂತ ಬೇರೆ ಚಾರ್ಜರ್ ಹುಡುಕಬೇಡಿ. ಎಲ್ಲ ಕಂಪನಿಯ ಅಗ್ಗದ ಪವರ್ ಬ್ಯಾಂಕ್‌ಗಳಲ್ಲಿ ಈ ಕಾವಲು ಇರುತ್ತದೆ ಅಂತ ನಂಬುವ ಹಾಗಿಲ್ಲ.

ಬೇಸಿಗೆಯಲ್ಲಿ ಹೋದರೂ ಪ್ಯಾಂಗಾಂಗ್ ಕಡೆ, ಅಂದರೆ 4,200 ಮೀಟರ್‌ಗೂ ಮೇಲೆ, ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯಬಹುದು. ಹಾಗಾಗಿ ಸಂಜೆ ಹೋಂಸ್ಟೇಯ ಅಡುಗೆಮನೆಯಲ್ಲೋ ಊಟದ ಕೋಣೆಯಲ್ಲೋ, ಜನ ಕೂತು ಬೆಚ್ಚಗಿರುವ ಜಾಗದಲ್ಲಿ ಚಾರ್ಜ್ ಮುಗಿಸಿ. ಬ್ಯಾಟರಿ ಮುಟ್ಟಿದರೆ ಕೈಗೆ ತಣ್ಣಗೆ ಕೊರೆಯುತ್ತಿದ್ದರೆ ಮೊದಲು ಅರ್ಧ ಗಂಟೆಯೋ ಒಂದು ಗಂಟೆಯೋ ಜೇಬಿನಲ್ಲಿಟ್ಟು ಬೆಚ್ಚಗಾಗಲು ಬಿಡಿ. ಬೆಂಕಿಯ ಹತ್ತಿರ ಹಿಡಿಯುವುದು, ಬೈಕಿನ ಸೈಲೆನ್ಸರ್ ಪಕ್ಕ ಇಡುವುದು, ಇವೆಲ್ಲ ಬೇಡ. ಹೊರಗಿನ ಚಳಿಯಿಂದ ಕೆಮರಾವನ್ನು ಒಮ್ಮೆಲೇ ಬಿಸಿ ಕೋಣೆಗೆ ತಂದರೆ ಮೇಲೆ ಬೆವರಿನಂತೆ ನೀರು ಕೂರುತ್ತದೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗೆ ತನ್ನಿ.

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಸ್ಕೂಟರ್ ಫುಲ್ ಚಾರ್ಜ್‌ಗೆ 90 ಕಿಲೋಮೀಟರ್ ಕೊಡುತ್ತಿತ್ತು. ಈಗ ಬೆಳಗಿನ ಡ್ಯೂಟಿಗೆ ಹೋಗುವ ದಿನಗಳಲ್ಲಿ 80 ದಾಟುವುದಿಲ್ಲ. ಇಲ್ಲಿ ಬೆಳಗ್ಗೆ 9-10 ಡಿಗ್ರಿ ಇರುತ್ತದೆ.
— ಓದುಗ, ಬೀದರ್

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಬ್ಯಾಟರಿಗೆ ಏನೂ ಆಗಿಲ್ಲ, ಫೆಬ್ರವರಿ ಕಳೆದರೆ ಆ ಹತ್ತು ಕಿಲೋಮೀಟರ್ ವಾಪಸ್ ಬರುತ್ತದೆ.

ಆದರೆ ಪೂರ್ತಿ ತಪ್ಪು ಬ್ಯಾಟರಿಯದ್ದಲ್ಲ. ಗಾಳಿಯನ್ನೇ ನೋಡಿ, 30 ಡಿಗ್ರಿಗಿಂತ 10 ಡಿಗ್ರಿಯ ಗಾಳಿ ಸುಮಾರು 7 ಪರ್ಸೆಂಟ್ ದಟ್ಟ, ಅದನ್ನು ಸೀಳಿಕೊಂಡು ಹೋಗಲು ಅಷ್ಟು ಜಾಸ್ತಿ ಶಕ್ತಿ ಬೇಕು. ಟೈರಿನೊಳಗಿನ ಗಾಳಿಯೂ ಕುಗ್ಗುತ್ತದೆ. ಸೆಕೆಯಲ್ಲಿ 30 ಪಿಎಸ್ಐ ಹಾಕಿಸಿದ್ದರೆ 20 ಡಿಗ್ರಿ ಇಳಿದಾಗ ಅದು 27ರ ಹತ್ತಿರ ಬಂದಿರುತ್ತದೆ, ಟೈರ್ ಮೆತ್ತಗಾಗಿ ರಸ್ತೆಗೆ ಅಂಟಿಕೊಂಡ ಹಾಗೆ ಉರುಳುತ್ತದೆ. ಇದು ಖರ್ಚಿಲ್ಲದೆ ಸರಿಹೋಗುವ ಭಾಗ, ಇವತ್ತೇ ಗಾಳಿ ಹೊಡೆಸಿ. ಜೊತೆಗೆ ಬ್ರೇಕ್ ಹಿಡಿದಾಗ ಬ್ಯಾಟರಿಗೆ ವಾಪಸ್ ಹೋಗುವ ಚಾರ್ಜ್ ಇದೆಯಲ್ಲ, ತಣ್ಣಗಿರುವ ಬ್ಯಾಟರಿಗೆ ಅದನ್ನು ಸ್ಕೂಟರ್ ತಾನೇ ಕಡಿಮೆ ಮಾಡಬಹುದು. ಕಾರಣ ಹುಬ್ಬಳ್ಳಿಯವರಿಗೆ ಹೇಳಿದ್ದೇ.

ಚಳಿಗಾಲದಲ್ಲಿ ಸಂಜೆ ಬಂದ ಕೂಡಲೇ, ಓಡಿ ಬೆಚ್ಚಗಾಗಿರುವ ಬ್ಯಾಟರಿಗೆ ಚಾರ್ಜ್ ಹಾಕಿ. ಬೇಸಿಗೆಗೆ ಇದು ಉಲ್ಟಾ. ಬೀದರ್‌ನಲ್ಲಿ ಮೇ ತಿಂಗಳು 40 ದಾಟುವಾಗ ಗಾಡಿ ನಿಲ್ಲಿಸಿ ಒಂದು ತಾಸು ಆರಲು ಬಿಟ್ಟು ಆಮೇಲೆ ಹಾಕಿ.

ಪ್ರಶ್ನೆ: ಅಪ್ಪನ ಹಳೆಯ ಕಾರು ಜನವರಿಯಲ್ಲಿ ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಯೂ ಮೂರು ಗಂಟೆ ಬರುತ್ತಿದ್ದದ್ದು ಒಂದೂವರೆ ಗಂಟೆಗೆ ಇಳಿದಿದೆ. ಎರಡಕ್ಕೂ ಚಳಿಯೇ ಕಾರಣ ಅಂತ ಅಪ್ಪ ಹೇಳುತ್ತಾರೆ. ಹೌದಾ?
— ಓದುಗಿ, ಸಕಲೇಶಪುರ

ಉತ್ತರ: ಕಾರಿಗೆ ಅರ್ಧ ಹೌದು. ಇನ್ವರ್ಟರ್‌ಗೆ ಇಲ್ಲ.

ಇವೆರಡೂ ಸೀಸ ಮತ್ತು ಆ್ಯಸಿಡ್‌ನ ಬ್ಯಾಟರಿಗಳು. ಇದರಲ್ಲೂ ಚಳಿಗೆ ಆ್ಯಸಿಡ್ ಮಂದವಾಗಿ ಪ್ಲೇಟಿನ ಸಣ್ಣ ರಂಧ್ರಗಳ ಒಳಗೆ ನುಗ್ಗುವುದು ತಡವಾಗುತ್ತದೆ. ಒಂದು ಒರಟು ಲೆಕ್ಕ ಇದೆ: ನಮ್ಮಲ್ಲಿ ಇನ್ವರ್ಟರ್ ಬ್ಯಾಟರಿಯ ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ, ಹೇಳುವುದು 27 ಡಿಗ್ರಿಗೆ, ಅಲ್ಲಿಂದ ಒಂದೊಂದು ಡಿಗ್ರಿ ಇಳಿದಂತೆ ಸಾಮರ್ಥ್ಯ ಒಂದು ಪರ್ಸೆಂಟ್‌ಗೆ ಸ್ವಲ್ಪ ಕಡಿಮೆ ಇಳಿಯುತ್ತದೆ. ನಿಮ್ಮಲ್ಲಿ ರಾತ್ರಿ 15 ಡಿಗ್ರಿ ಅಂದರೆ ಹತ್ತು ಪರ್ಸೆಂಟ್ ಹೋಯಿತು ಅನ್ನೋಣ. ಮೂರು ಗಂಟೆ ಇದ್ದದ್ದು ಎರಡು ಗಂಟೆ ನಲವತ್ತು ನಿಮಿಷ ಆಗಬೇಕಿತ್ತು. ಒಂದೂವರೆ ಆಗಿದೆ ಅಂದರೆ ತೊಂದರೆ ಬೇರೆ ಕಡೆ ಇದೆ. ಮೊದಲು ಮುಚ್ಚಳದ ಮೇಲಿನ ತೇಲು ಕಡ್ಡಿ ನೋಡಿ, ಕೆಂಪು ಗುರುತಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ನಲ್ಲಿ ನೀರು, ಬಾವಿ ನೀರು ಬೇಡ, ಎಷ್ಟೇ ಸಿಹಿ ಇದ್ದರೂ ಬೇಡ. ನೀರು ಸರಿ ಇದ್ದೂ ಹೀಗೆ ಅಂದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ.

ಕಾರಿನ ವಿಷಯದಲ್ಲಿ ಚಳಿ ಎರಡು ಕಡೆಯಿಂದ ಒತ್ತುತ್ತದೆ. ಬ್ಯಾಟರಿಯ ಬಲ ಇಳಿಯುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಜಾಸ್ತಿ ಬಲ ಬೇಕಾಗುತ್ತದೆ. ಆದರೆ ಗಟ್ಟಿಮುಟ್ಟಾದ ಬ್ಯಾಟರಿ ಸಕಲೇಶಪುರದ ಚಳಿಗೆ ಸೋಲುವುದಿಲ್ಲ. ಕಾರಿನ ಬ್ಯಾಟರಿಯ ಚಳಿ ಪರೀಕ್ಷೆಯನ್ನು ಮೈನಸ್ 18 ಡಿಗ್ರಿಯಲ್ಲಿ ಮಾಡುತ್ತಾರೆ! ಕಳೆದ ಎರಡು ಮೂರು ಬೇಸಿಗೆಗಳು ಒಳಗಿನಿಂದ ತಿಂದು ಹಾಕಿದ ಬ್ಯಾಟರಿಯ ಬಣ್ಣ ಜನವರಿಯಲ್ಲಿ ಬಯಲಾಗುತ್ತದೆ, ಅಷ್ಟೆ. ಬ್ಯಾಟರಿಯ ಬಿಸಿ 25ಕ್ಕಿಂತ ಹತ್ತು ಡಿಗ್ರಿ ಮೇಲೆಯೇ ಉಳಿದರೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ನಾಡಿನಲ್ಲಿ ಬ್ಯಾಟರಿಯ ನಿಜವಾದ ಶತ್ರು ಸೆಕೆ.

ಹೊಸದು ತರುವ ಮೊದಲು ಬಾನೆಟ್ ಎತ್ತಿ ಟರ್ಮಿನಲ್ ನೋಡಿ. ನಮ್ಮ ಮನೆಯ ಕಾರಿನಲ್ಲಿ ಒಂದು ಸಲ ಪಾಸಿಟಿವ್ ಟರ್ಮಿನಲ್ ಮೇಲೆ ಬೂಷ್ಟು ಹಿಡಿದ ಹಾಗೆ ತಿಳಿನೀಲಿ ಪುಡಿ ಕಟ್ಟಿ ಕ್ಲಾಂಪೇ ಕಾಣುತ್ತಿರಲಿಲ್ಲ. ಮೆಕ್ಯಾನಿಕ್ ಮೊದಲು ನೆಗೆಟಿವ್ ವೈರ್ ಬಿಚ್ಚಿದರು, ಆಮೇಲೆ ಪಾಸಿಟಿವ್. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿದರು, ಬುಸುಬುಸು ನೊರೆ ಎದ್ದು ಕೆಳಗೆ ಹೊಳೆಯುವ ಸೀಸ ಕಂಡಿತು. ಒರೆಸಿ, ಕ್ಲಾಂಪ್ ಬಿಗಿಮಾಡಿ, ಮೇಲೆ ತೆಳುವಾಗಿ ವ್ಯಾಸಲಿನ್ ಸವರಿದರು. ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಆ ಬ್ಯಾಟರಿ ಮತ್ತೂ ಒಂದು ವರ್ಷ ಬಂತು. ನೀವೇ ಮಾಡುವುದಾದರೆ ಕೈಗವಸು ಹಾಕಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಸೋಡಾ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಇಳಿಯಬಾರದು.

ಪ್ರಶ್ನೆ: ಮಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಎಲೆಕ್ಟ್ರಿಕ್ ಕಾರು ತಗೊಳ್ಳುತ್ತೇನೆ ಅನ್ನುತ್ತಾನೆ. ಅಲ್ಲಿ ಮೈನಸ್ 20 ಎಲ್ಲ ಮಾಮೂಲು. ನಡುದಾರಿಯಲ್ಲಿ ನಿಂತುಬಿಟ್ಟರೆ ಅಂತ ನನಗೆ ಭಯ.
— ಓದುಗರು, ಮೈಸೂರು

ಉತ್ತರ: ನಿಮ್ಮ ಭಯಕ್ಕೆ ಅರ್ಥ ಇದೆ, ಆದರೆ ಬೇಡ ಅನ್ನುವಷ್ಟು ಅಲ್ಲ. ನಾರ್ವೆಯಂಥ ಚಳಿ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್.

ಅಮೆರಿಕದ ವಾಹನ ಚಾಲಕರ ಸಂಘ ಎಎಎ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಸುಮಾರು ಮೈನಸ್ 7 ಡಿಗ್ರಿಯಲ್ಲಿ ಓಡಿಸಿ ನೋಡಿತು. ಹೀಟರ್ ಹಾಕದೆ ಓಡಿಸಿದಾಗ ದೂರ ಸರಾಸರಿ 12 ಪರ್ಸೆಂಟ್ ಕಡಿಮೆಯಾಯಿತು. ಹೀಟರ್ ಹಾಕಿದಾಗ 41 ಪರ್ಸೆಂಟ್. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ದೊಡ್ಡ ಪಾಲು ತಿಂದದ್ದು ಕಾರಿನೊಳಗೆ ಕೂತವರನ್ನು ಬೆಚ್ಚಗಿಡುವ ಕೆಲಸ. ಪೆಟ್ರೋಲ್ ಕಾರಿನಲ್ಲಿ ಇಂಜಿನ್ ಹೇಗೂ ಬಿಸಿಯಾಗುತ್ತದೆ, ಆ ಬಿಸಿ ಪುಕ್ಕಟೆ ಸಿಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಅದನ್ನೂ ಬ್ಯಾಟರಿಯೇ ಕೊಡಬೇಕು.

ಹಾಗಾಗಿ ಮಗನಿಗೆ ಹೇಳಿ: ಹೀಟ್ ಪಂಪ್ (ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಎಳೆದು ಒಳಗೆ ತರುವ ಯಂತ್ರ) ಇರುವ ಕಾರು ನೋಡಲಿ, ಮನೆಯಲ್ಲಿ ಚಾರ್ಜ್ ಮಾಡುವ ಸೌಕರ್ಯ ಇದ್ದರೆ ಮಾತ್ರ ತಗೊಳ್ಳಲಿ. ಹೊರಡುವ ಮೊದಲು, ಪ್ಲಗ್ ತೆಗೆಯುವ ಮುಂಚೆಯೇ, ಕಾರನ್ನೂ ಬ್ಯಾಟರಿಯನ್ನೂ ಬಿಸಿಮಾಡಿಕೊಳ್ಳಲಿ, ಆ ಖರ್ಚು ಮನೆಯ ಕರೆಂಟಿನ ಮೇಲೆ ಬೀಳುತ್ತದೆ. ಸೀಟ್ ಹೀಟರ್ ಜಾಸ್ತಿ ಬಳಸಲಿ, ಇಡೀ ಕಾರಿನ ಗಾಳಿ ಬಿಸಿಮಾಡುವುದಕ್ಕಿಂತ ಬೆನ್ನಿಗೆ ಬಿಸಿ ಕೊಡುವುದು ಅಗ್ಗ. ಎಲ್ಎಫ್‌ಪಿ ಅನ್ನುವ ಕಬ್ಬಿಣ-ಫಾಸ್ಫೇಟ್ ಬ್ಯಾಟರಿ ಸೆಕೆಗೆ ಒಳ್ಳೆಯದು, ಬಾಳಿಕೆಯೂ ಜಾಸ್ತಿ, ಆದರೆ ಚಳಿಯಲ್ಲಿ ನಿಕಲ್ ಇರುವ ಬ್ಯಾಟರಿಗಿಂತ ಹೆಚ್ಚು ಮುದುಡುತ್ತದೆ. ಮಿನಿಯಾಪೊಲಿಸ್‌ಗೆ ನಾನಾದರೆ ನಿಕಲ್‌ನದ್ದೇ ಆರಿಸುತ್ತಿದ್ದೆ.

2024ರ ಜನವರಿಯಲ್ಲಿ ಷಿಕಾಗೊದಲ್ಲಿ ಕಡುಚಳಿ ಬಿದ್ದಾಗ ಚಾರ್ಜಿಂಗ್ ಕೇಂದ್ರಗಳ ಮುಂದೆ ಕಾರುಗಳು ಸಾಲುಗಟ್ಟಿ, ಕೆಲವು ಅಲ್ಲೇ ಖಾಲಿಯಾಗಿ ನಿಂತದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ತಣ್ಣನೆಯ ಬ್ಯಾಟರಿ ನಿಧಾನವಾಗಿಯೇ ಚಾರ್ಜ್ ತಗೊಳ್ಳುತ್ತದೆ, ಒಂದು ಕಾರು ತಡವಾದರೆ ಹಿಂದಿನದಕ್ಕೂ ತಡ. ಅದಕ್ಕೇ ಚಳಿಗಾಲದಲ್ಲಿ ಅರ್ಧಕ್ಕೆ ಇಳಿಯುವ ಮೊದಲೇ ಚಾರ್ಜ್ ಮಾಡುವ ಅಭ್ಯಾಸ ಇರಲಿ, ಕಾರಿನಲ್ಲಿ ಒಂದು ದಪ್ಪ ಕಂಬಳಿ ಇರಲಿ.

ಪ್ರಶ್ನೆ: ಅಂಕಲ್, ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಮಲಗಿದ ಮೇಲೆ ಏಳಲೇ ಇಲ್ಲ ಯಾಕೆ? ಅದರ ಬ್ಯಾಟರಿ ಫುಲ್ ಚಾರ್ಜ್ ಆಗಿತ್ತಲ್ಲ?
— 8ನೇ ತರಗತಿ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಪುಟ್ಟಾ, ನೀನು ಹೇಳಿದ್ದು ಸರಿ, ಫುಲ್ ಚಾರ್ಜ್ ಆಗಿತ್ತು. 2023ರ ಆಗಸ್ಟ್ 23ಕ್ಕೆ ಇಳಿಯಿತು, ಸೆಪ್ಟೆಂಬರ್ 2ಕ್ಕೆ ಪ್ರಜ್ಞಾನ್‌ನನ್ನು ಮಲಗಿಸಿದರು, 4ಕ್ಕೆ ಅದನ್ನು ಹೊತ್ತು ಇಳಿದ ಲ್ಯಾಂಡರ್ ವಿಕ್ರಮ್‌ನನ್ನು. ಚಂದ್ರನ ಒಂದು ರಾತ್ರಿ ಅಂದರೆ ನಮ್ಮ ಸುಮಾರು 14 ದಿನ, ಅಲ್ಲಿ ಆಗ ಮೈನಸ್ 120 ಡಿಗ್ರಿಗೂ ಕೆಳಗೆ ಹೋಗುತ್ತದೆ. ಆ ಚಳಿಯಲ್ಲಿ ಬ್ಯಾಟರಿಯ ಒಳಗಿನ ದ್ರವ ಮಂದ ಆಗುವುದಲ್ಲ, ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಅಳತೆಯಲ್ಲಿ ಕುಗ್ಗುವುದರಿಂದ ಬೆಸುಗೆಗಳೂ ಬಿರಿಯಬಹುದು. ಏನು ಮುರಿಯಿತು ಅಂತ ಹೋಗಿ ನೋಡಿದವರಿಲ್ಲ. ಸೆಪ್ಟೆಂಬರ್ 22ಕ್ಕೆ ಇಸ್ರೋದವರು ಕರೆದಾಗ ಉತ್ತರ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಅವೆರಡನ್ನೂ ತಯಾರಿಸಿದ್ದೇ ಚಂದ್ರನ ಒಂದು ಹಗಲಿಗೆ, ಆ ಕೆಲಸ ಮುಗಿಸಿಯೇ ಮಲಗಿದ್ದು.

ರಾತ್ರಿ ಕಳೆಯಬೇಕಾದರೆ ಒಳಗೆ ಒಂದು ಕೆಂಡ ಬೇಕು. 1970ರಲ್ಲಿ ಸೋವಿಯತ್ ದೇಶದವರು ಚಂದ್ರನಿಗೆ ಕಳಿಸಿದ ಲೂನೊಖೋದ್-1 ಅನ್ನುವ ಗಾಡಿಯಲ್ಲಿ ಅದು ಇತ್ತು, ಪೊಲೋನಿಯಂ ಅನ್ನುವ ವಿಕಿರಣ ವಸ್ತು ತಾನೇ ಬಿಸಿಯಾಗುತ್ತಿತ್ತು. ಗಾಡಿಗೆ ಪಾತ್ರೆಯ ಮುಚ್ಚಳದಂಥ ಮುಚ್ಚಳ, ಮುಚ್ಚಳದ ಒಳಮೈಗೆ ಸೋಲಾರ್ ಹಲಗೆ. ಹಗಲು ತೆರೆದು ಬಿಸಿಲು ಕುಡಿಯುವುದು, ರಾತ್ರಿ ಮುಚ್ಚಿಕೊಂಡು ಬೆಚ್ಚಗೆ ಮಲಗುವುದು. ಹೀಗೆ ಹತ್ತು ತಿಂಗಳ ಹತ್ತಿರ ಬದುಕಿತು. ಮಂಗಳನ ಮೇಲೆ 2004ರಿಂದ 2018ರವರೆಗೆ ಓಡಾಡಿದ ಆಪರ್ಚುನಿಟಿ ರೋವರ್‌ನಲ್ಲೂ ಅಂಥ ಎಂಟು ಸಣ್ಣ ಬಿಸಿಗುಂಡುಗಳಿದ್ದವು, ಒಂದೊಂದೂ ಒಂದು ವ್ಯಾಟ್‌ನಷ್ಟು ಬಿಸಿ. ಅದರ ಬ್ಯಾಟರಿ ಲಿಥಿಯಂನದ್ದೇ.

ಪ್ರಶ್ನೆ: ಬಳಸದ ಬ್ಯಾಟರಿಗಳನ್ನು ಫ್ರಿಜ್‌ನಲ್ಲಿ ಇಟ್ಟರೆ ಜಾಸ್ತಿ ದಿನ ಬರುತ್ತವೆ ಅಂತಾರೆ. ನಿಜವಾ?
— ಓದುಗಿ, ಶಿವಮೊಗ್ಗ

ಉತ್ತರ: ತಂಪಿನಲ್ಲಿ ಬ್ಯಾಟರಿ ನಿಧಾನವಾಗಿ ಹಳತಾಗುತ್ತದೆ ಅನ್ನುವ ಮಾತು ನಿಜ. ಆದರೆ ಮನೆಯ ಫ್ರಿಜ್‌ನಲ್ಲಿ ತೇವ ಇರುತ್ತದೆ, ಹೊರಗೆ ತೆಗೆದ ಕೂಡಲೇ ಮೇಲೆ ನೀರು ಕೂರುತ್ತದೆ, ಲೋಹದ ತುದಿಗೆ ತುಕ್ಕು ಹಿಡಿಯುತ್ತದೆ. ಮಕ್ಕಳ ಕೈಗೆ ಸಿಗುವ ಊಟದ ಸಾಮಾನಿನ ಜೊತೆ ಬ್ಯಾಟರಿ ಇಡುವುದೂ ನನಗೆ ಸರಿ ಕಾಣುವುದಿಲ್ಲ.

ಬಿಸಿಲು ಬೀಳದ ಒಣ ಬೀರು ಸಾಕು. ಹಳೆಯ ಫೋನ್, ಕೆಮರಾದ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ, ಅರ್ಧ ಚಾರ್ಜ್ ಮಾಡಿ ಇಡಿ, ಮೂರು ತಿಂಗಳಿಗೊಮ್ಮೆ ನೋಡಿ ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಉಬ್ಬಿರುವುದು ಕಂಡರೆ ಚಾರ್ಜ್‌ಗೆ ಹಾಕಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.